ಕರ್ನೆಲ್

‘ಕಾಳು’ ಎಂಬರ್ಥದ ಹಳೆಯ ಇಂಗ್ಲಿಷ್ ಪದ ‘ಕಾರ್ನ್’ನಿಂದ ಹುಟ್ಟಿದ್ದು, ಮೂಲಾರ್ಥ ಪುಟ್ಟ ಬೀಜ, ತಿರುಳು. ಹೆಬ್ಬಾಳ, ಯಲಹಂಕದ ಸಾಫ್ಟ್‌ವೇರ್ ಎಂಜಿನಿಯರುಗಳ ಮಾತಿನಲ್ಲಿ ಇದು ಆಪರೇಟಿಂಗ್ ಸಿಸ್ಟಂನ ಒಳತಿರುಳು: ಮೆಮೊರಿ, ಪ್ರೊಸೆಸರ್ ಸಮಯ, ಸಾಧನಗಳನ್ನು ಎಲ್ಲ ಪ್ರೋಗ್ರಾಂಗಳಿಗೂ ಹಂಚಿ ಕಾಯುವ ಭಾಗ. ಇಲ್ಲಿ ತಪ್ಪಾದರೆ ಇಡೀ ಯಂತ್ರವೇ ನಿಲ್ಲಬಹುದು. ಪ್ರೋಗ್ರಾಂಗಳು ಎರವಲು ಪಡೆಯುವ ಸಿದ್ಧ ಕೋಡ್‌ನ ಕಟ್ಟು, ಅಂದರೆ ಲೈಬ್ರರಿಯಲ್ಲಾದರೆ ಸಾಮಾನ್ಯವಾಗಿ ಅದನ್ನು ಬಳಸುವ ಪ್ರೋಗ್ರಾಂ ಮಾತ್ರ.

ಕನ್ನಡದ ಒತ್ತಕ್ಷರವನ್ನೇ ನೋಡಿ. ಲಿನಕ್ಸ್‌ನಲ್ಲಿ ‘ಸ್ತ್ರೀ’ಯ ಅಕ್ಷರಗಳನ್ನು ಕೂಡಿಸುವುದು ಕರ್ನೆಲ್ ಅಲ್ಲ, ಹಾರ್ಫ್‌ಬಜ್ ಎಂಬ ಲೈಬ್ರರಿ. ಆದರೆ 1996ರ ವಿಂಡೋಸ್ ಎನ್‌ಟಿ 4.0 ಚಿತ್ರಣದ ಕೆಲಸವನ್ನು ಕರ್ನೆಲ್‌ಗೆ ಸೇರಿಸಿತು; 2011ರಲ್ಲಿ ಬೆಳಕಿಗೆ ಬಂದ ಡುಕು ಕುತಂತ್ರಾಂಶ ಅಲ್ಲಿನ ಫಾಂಟ್ ದೋಷದಿಂದಲೇ ಒಳನುಗ್ಗಿತ್ತು. ವಿಂಡೋಸ್ 10 ಫಾಂಟ್ ಓದುವ ಕೆಲಸವನ್ನು ಕರ್ನೆಲ್‌ನಿಂದ ಹೊರತಂದಿತು.

ಪ್ರಯೋಗ: “ಹೊರಗೆ ನಡೆಯುವ ಕೆಲಸವನ್ನು ಕರ್ನೆಲ್‌ಗೆ ಹಾಕಬೇಡಿ.”