ಅಗಸೆಯ ಹೆಸರು ಹೊತ್ತ ಹೂ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯವರಾದ ನಮಗೆ ಅಗಸೆ ಹೊಸದಲ್ಲ. ಹಿಂಗಾರಿಯಲ್ಲಿ ಬಿಳಿಜೋಳ, ಕುಸುಬೆ, ಕಡಲೆಗಳೊಡನೆ ನೀಲಿ ಹೂವಿನ ಅಗಸೆಯೂ ನಮ್ಮ ಎರೆಭೂಮಿಯಲ್ಲಿ ಬೆಳೆಯುತ್ತ ಬಂದಿದೆ. ರೊಟ್ಟಿಯ ಮಗ್ಗುಲಿಗೆ ಅಗಸಿ ಹಿಂಡಿ ಇಲ್ಲದ ಊಟ ನಮ್ಮ ಹಿರಿಯರಿಗೆ ರುಚಿಸುತ್ತಿರಲಿಲ್ಲ. ಇದೇ ಅಗಸೆಯ ಹೆಸರನ್ನು ಹೊತ್ತು, ಇದೇ ಚಳಿಯ ದಿನಗಳಲ್ಲಿ ಅರಳುವ ಉದ್ಯಾನದ ಹೂವೊಂದಿದೆ. ಅದು ಲಿನೇರಿಯ. ಗಡಿಯಲ್ಲಿ ಬಾಳುವ ನಾವು ಅದರ ಚರಿತ್ರೆಯನ್ನು ಒಮ್ಮೆ ಓದಿಕೊಳ್ಳುವುದು ಉಚಿತ.

ಅಗಸೆಗೆ ಲ್ಯಾಟಿನ್ ಭಾಷೆಯಲ್ಲಿ ಲೈನಮ್ ಎಂದು ಹೆಸರು. ಲಿನೇರಿಯದ ಎಲೆಗಳು ಅಗಸೆಯ ಎಲೆಗಳಂತೆಯೇ ಕಿರಿದಾಗಿರುವುದರಿಂದ ಆ ಹೆಸರೇ ಇದಕ್ಕೂ ಬಂತು. ಇಂಗ್ಲಿಷರು ಇದನ್ನು ಟೋಡ್‌ಫ್ಲಾಕ್ಸ್, ಅಂದರೆ ಕಪ್ಪೆಯಗಸೆ, ಎಂದು ಕರೆದರು. ಹೆಸರಿನ ನಂಟನ್ನು ಬಿಟ್ಟರೆ ಅಗಸೆಗೂ ಇದಕ್ಕೂ ಕುಲಸಂಬಂಧವಿಲ್ಲ. ಇದರ ಹೂ ತುಟಿ ಮುಚ್ಚಿದ ಬಾಯಿಯಂತಿದ್ದು, ಹಿಂಬದಿಯ ಸಣ್ಣ ಕೊಂಬಿನಲ್ಲಿ ಮಧುವನ್ನು ಅಡಗಿಸಿಕೊಂಡಿರುತ್ತದೆ. ಜೇನು ಬಂದು ಕುಳಿತಾಗ ಅದರ ಭಾರಕ್ಕೆ ಬಾಯಿ ತೆರೆಯುತ್ತದೆ.

ನಾವು ಕುಂಡಗಳಲ್ಲಿ ಬೆಳೆಸುವ ವಾರ್ಷಿಕ ಲಿನೇರಿಯದ ಮೂಲ ನೆಲೆ ಉತ್ತರ ಆಫ್ರಿಕೆಯ ಮೊರೊಕ್ಕೊ. 1871ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ನಿರ್ದೇಶಕ ಜೋಸೆಫ್ ಡಾಲ್ಟನ್ ಹೂಕರ್ ತಮ್ಮ ಸಂಗಡಿಗರಾದ ಜಾನ್ ಬಾಲ್ ಮತ್ತು ಜಾರ್ಜ್ ಮಾ ಅವರೊಡನೆ ಆ ದೇಶದ ಅಟ್ಲಾಸ್ ಪರ್ವತಗಳಲ್ಲಿ ಸಂಚರಿಸಿದರು. ಮರುವರ್ಷ ಈ ಗಿಡವನ್ನು ಲಿನೇರಿಯ ಮರೊಕ್ಕಾನ ಎಂಬ ಹೆಸರಿನಿಂದ ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಅದೇ 1872ರಲ್ಲಿ ಹೂಕರರ 'ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ' ಗ್ರಂಥದ ಮೊದಲ ಭಾಗವೂ ಹೊರಬಂತು. 7 ಸಂಪುಟಗಳ ಆ ಕಾರ್ಯ ಮುಗಿದದ್ದು 1897ರಲ್ಲಿ. ಮೊರೊಕ್ಕೊದ ಹೂವಿಗೆ ಹೆಸರಿಟ್ಟ ಲೇಖನಿಯೇ ನಮ್ಮ ನಾಡಿನ ಗಿಡಮರಗಳನ್ನೂ ದಾಖಲಿಸುತ್ತಿತ್ತು.

ಆ ದಾಖಲೆಯಲ್ಲಿ ನಮ್ಮದೇ ಒಂದು ಲಿನೇರಿಯವಿತ್ತು. ಬಂಡೆಗಳ ಸಂದಿನಲ್ಲಿ, ಹಳ್ಳದ ದಂಡೆಯಲ್ಲಿ, ಪಾಳುಬಿದ್ದ ಗೋಡೆಯ ಬಿರುಕಿನಲ್ಲಿ ಬೇರೂರುವ ಹಳದಿ ಹೂವಿನ ಬಡಕಲು ಗಿಡವದು. ಆಗಿನ ಹೆಸರು ಲಿನೇರಿಯ ರಾಮೋಸಿಸಿಮ. ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಪ್ರಕಟಿಸಿದ ಮುಂಬಯಿ ಪ್ರಾಂತದ ಸಸ್ಯಗ್ರಂಥದಲ್ಲಿಯೂ ಅದಕ್ಕೆ ಸ್ಥಳ ದೊರಕಿತು. ಆಗ ಸೊಲ್ಲಾಪುರವೂ ವಿಜಯಪುರವೂ ಅದೇ ಪ್ರಾಂತದ ಜಿಲ್ಲೆಗಳು. ಅಕ್ಕಲಕೋಟೆ, ಜತ್ತಗಳು ಸಂಸ್ಥಾನಗಳು. 1956ರ ನವೆಂಬರ್ 1ರಂದು ವಿಜಯಪುರ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಈಚೆಗೆ ಉಳಿದೆವು. ಗೋಡೆಯ ಗಿಡ ಎರಡೂ ಕಡೆಯಲ್ಲಿ ಹಿಂದಿನಂತೆಯೇ ಹೂಬಿಟ್ಟಿತು.

ಸಸ್ಯಶಾಸ್ತ್ರದಲ್ಲಿಯೂ ಗಡಿಗಳು ಕದಲುತ್ತ ಬಂದಿವೆ. ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ಲಿನೇರಿಯವನ್ನು ಆ್ಯಂಟಿರೈನಮ್ ಹೂವಿನ ಕುಲದಲ್ಲಿಯೇ ಇಟ್ಟನು. ಮರುವರ್ಷ ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರ್ ಅದನ್ನು ಬೇರೆಯ ಕುಲವೆಂದು ಬಗೆದನು. ನಮ್ಮ ಗೋಡೆಯ ಗಿಡವನ್ನು ಪಂಡಿತರು ಮುಂದೆ ಲಿನೇರಿಯದಿಂದಲೇ ಹೊರಗಿಟ್ಟು ಕಿಕ್ಸಿಯ ಎಂದು ಕರೆದರು. ಡಿಎನ್‌ಎ ಪರೀಕ್ಷೆಗಳು ಬಂದ ಮೇಲೆ ಇವೆಲ್ಲವೂ ಹಳೆಯ ಕುಟುಂಬವನ್ನು ತೊರೆದು ಇಸಬಗೋಲಿನ ಕುಟುಂಬಕ್ಕೆ ಸೇರಿದವು. ಇಷ್ಟೆಲ್ಲ ಆದರೂ ಒಂದು ಎಲೆಯ ಆಕಾರವೂ ಬದಲಾಗಲಿಲ್ಲ. ಬದಲಾದದ್ದು ಪುಸ್ತಕದಲ್ಲಿನ ಅದರ ವಿಳಾಸ ಮಾತ್ರ.

ಹೆಸರಿಗಿಂತ ಗಿಡಕ್ಕೆ ಮುಖ್ಯವಾದದ್ದು ಹದವಾದ ಬಿತ್ತನೆ. ದಸರೆಯ ಬಳಿಕ ಬಿಸಿಲಿನ ಕಾವು ತಗ್ಗಿದಾಗ, ನವೆಂಬರಿನೊಳಗೆ, ಲಿನೇರಿಯವನ್ನು ಬಿತ್ತಬೇಕು. ನಮ್ಮ ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಮರಳು ಮತ್ತು ಹಳೆಯ ಗೊಬ್ಬರ ಬೆರೆಸಿ ಮಡಿಯನ್ನು ಏರಿಸಿಕೊಳ್ಳುವುದು ಅವಶ್ಯ. ಬೀಜ ಧೂಳಿನಷ್ಟು ಸಣ್ಣದು. ಒಣಮರಳಿನಲ್ಲಿ ಕಲಸಿ, ಬಿಸಿಲು ಬೀಳುವ ಕಡೆ ಮೇಲುಮೇಲೆಯೇ ಚೆಲ್ಲಿ, ಝಾರಿಯಿಂದ ಹಗುರಾಗಿ ನೀರು ಚಿಮುಕಿಸಿದರೆ ಸಾಕು. ಕಿತ್ತು ನೆಡುವುದನ್ನು ಅದು ಸಹಿಸದಾದ್ದರಿಂದ ಇದ್ದಲ್ಲಿಯೇ 10ರಿಂದ 15 ಸೆಂಟಿಮೀಟರ್ ಅಂತರ ಬಿಟ್ಟು ಉಳಿದ ಸಸಿಗಳನ್ನು ತೆಗೆಯಬೇಕು. ಮೊದಲ ಹೂಗಳು ಬಾಡಿದೊಡನೆ ಗಿಡವನ್ನು ಅರ್ಧಕ್ಕೆ ಕತ್ತರಿಸಿದರೆ ಮತ್ತೆ ಚಿಗುರಿ, ನೇರಳೆ, ಗುಲಾಬಿ, ಹಳದಿ ಬಣ್ಣಗಳಲ್ಲಿ ಇನ್ನೊಮ್ಮೆ ತುಂಬಿಕೊಳ್ಳುತ್ತದೆ. ಬೇಸಗೆಯ ಝಳ ತಾಕಿದೊಡನೆ ಅದರ ಬಾಳು ಮುಗಿಯಿತು.

ಇದು ವಾರ್ಷಿಕ ಸಸ್ಯ. ಹಿಂದಿನ ವರ್ಷ ಎಷ್ಟೇ ಸೊಗಸಾಗಿ ಅರಳಿದ್ದರೂ ಬೀಜ ಕಾದಿರಿಸದವನ ಅಂಗಳ ಮುಂದಿನ ಚಳಿಗಾಲಕ್ಕೆ ಬರಿದಾಗಬಹುದು. ಗಡಿಯ ಗೆರೆಯಿಂದ ಕನ್ನಡ ಇಲ್ಲಿ ಅಳಿಯಲಿಲ್ಲ. ಅಳಿಯುವುದಾದರೆ ನಾವು ಮನೆಯಲ್ಲಿ ಮಕ್ಕಳೊಡನೆ ಅದನ್ನು ಆಡದೆ ಬಿಟ್ಟ ದಿನದಿಂದ, ಕನ್ನಡ ಶಾಲೆಯ ಪಟ್ಟಿಯಲ್ಲಿ ಅವರ ಹೆಸರು ಕಾಣದಾದ ವರ್ಷದಿಂದ. ಗೆರೆ ಎಳೆಯುವುದು ನಮ್ಮ ಕೈಯಲ್ಲಿರಲಿಲ್ಲ. ಬಿತ್ತನೆ ಮಾತ್ರ ಈ ವರ್ಷವೂ ನಮ್ಮ ಕೈಯಲ್ಲಿದೆ. ಸಮ್ಮೇಳನ ಮುಗಿಸಿ ಊರಿಗೆ ಮರಳುವ ಬಂಧುಗಳು ಮನೆಯ ಕುಂಡವೊಂದರಲ್ಲಿ ಈ ಹೂವನ್ನು ಬಿತ್ತಲಿ, ಮಕ್ಕಳ ಕೈಯಿಂದಲೇ ಬಿತ್ತಿಸಲಿ; ಅದರ ಕತೆಯನ್ನು ಅವರಿಗೆ ಕನ್ನಡದಲ್ಲಿ ಹೇಳಲಿ.