ಅಜ್ಜಿ ರೂಪಾಯಿ ಮ್ಯಾಲಿನ ಕಪ್ಪು

ಅಮಾಸಿ ಪೂಜೆಗೆ ಇಡೋ ಬೆಳ್ಳಿ ರೂಪಾಯಿ ಕಪ್ಪಾಗಿದ್ವು ಅಂದ್ರೆ ಸಾಕು, ನಮ್ಮ ಕಡೆ ಹೆಣ್ಮಕ್ಳು ಹುಣಸೆಹಣ್ಣು ತಗೊಂಡು ಕುಂತೇ ಬಿಡ್ತೀವಿ. ಆಮ್ಯಾಲೆ ವಿಭೂತಿ ಹಚ್ಚಿ ತಿಕ್ಕೋದು. ಕುಂಕುಮ ಇಟ್ರೆ ಚೆಂದ ಕಾಣ್ತಾವೆ, ಇಲ್ಲ ಅನ್ನಲ್ಲ. ಆದ್ರೆ ಆ ಕಪ್ಪು ಹೊಲಸಲ್ರಿ. ಅದು ಆ ರೂಪಾಯಿ ವಯಸ್ಸು. ಈಗ ಅದಕ್ಕೂ ರೊಕ್ಕ ಕೊಡೋರು ಅದಾರೆ, ಅದನ್ನ ಸುಳ್ಳೇ ಹುಟ್ಟಿಸಿ ಮಾರೋರೂ ಅದಾರೆ. ಅದಕ್ಕೇ ಇದನ್ನ ಬರೀತಿರೋದು.

ಈ ರೂಪಾಯಿ ನಮ್ಮ ಮನೆಗಳಿಗೆ ಹೆಂಗೆ ಬಂದ್ವು ಅಂದ್ರೆ, 1800ರಾಗೆ ನಿಜಾಮ ಬಳ್ಳಾರಿ ಸೀಮೆನ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲಾ ಮದರಾಸಿನ ಆಳ್ವಿಕೆಗೆ ಸೇರಿದ್ವು. ಮೊದ್ಲು ಹೊನ್ನು, ಹಣ, ಕಾಸು ಅಂತ ಲೆಕ್ಕ ಇತ್ತು. 1835ರಾಗೆ ಕಂಪನಿ ಆಳ್ತಿದ್ದ ಊರಿಗೆಲ್ಲಾ ಒಂದೇ ರೂಪಾಯಿ ಅಂತ ಮಾಡಿದ್ರು. ತೂಕ 11.66 ಗ್ರಾಂ, 12 ಪಾಲಿನಾಗೆ 11 ಪಾಲು ಬೆಳ್ಳಿ. ನಾವು ಬಂಗಾರಕ್ಕೆ ತೊಲ ಅಂತೀವಲ್ಲ, ಆ ತೊಲದ ತೂಕನೂ ಈ ರೂಪಾಯಿ ತೂಕನೂ ಒಂದೇ.

ರಾಣಿ ರೂಪಾಯಿ, ಕಿರೀಟ ಇಲ್ಲದ ಬೋಳು ತಲಿ ಎಡ್ವರ್ಡ್, ಕಿರೀಟದ ಜಾರ್ಜ್, ಎಲ್ಲವೂ ಅದೇ ಬೆಳ್ಳಿ. ಯುದ್ಧದ ಕಾಲಕ್ಕೆ 1940ರಿಂದ ಬೆಳ್ಳಿ ಅರ್ಧಕ್ಕೆ ಇಳೀತು, ಉಳಿದದ್ದು ತಾಮ್ರ, ನಿಕಲ್, ಸತು. 1947ರ ಹುಲಿ ರೂಪಾಯಿಯಾಗೆ ಬೆಳ್ಳಿನೇ ಇಲ್ಲ, ಬರೀ ನಿಕಲ್. ಅಯಸ್ಕಾಂತ ಹಿಡೀರಿ, ಟಕ್ ಅಂತ ಅಂಟ್ಕಂತೈತೆ. ಬೆಳ್ಳಿ ಅಂಟಲ್ಲ. ಅಕ್ಕತಂಗೇರು ಪಾಲು ಮಾಡ್ಕೊಳ್ಳುವಾಗ ಇಸವಿ ನೋಡ್ಕಂಡು ಪಾಲು ಮಾಡ್ರಿ, ಆಮ್ಯಾಲೆ ಮುನಿಸು ಬ್ಯಾಡ.

ಈಗ ಕಪ್ಪಿನ ಮಾತು. ಗಾಳಿಯಾಗೆ, ಹೊಗಿಯಾಗೆ, ನಮ್ಮ ಬೆವರಿನಾಗೆ ಚೂರು ಗಂಧಕ ಇರ್ತೈತೆ. ಅದು ಬೆಳ್ಳಿಗೆ ಹತ್ತಿ ಒಂದು ಪೊರೆ ಕಟ್ಟತೈತೆ. ಪೊರೆ ತೆಳ್ಳಗಿದ್ದಾಗ ಜೇನಿನ ಬಣ್ಣ, ದಪ್ಪಾಗ್ತಾ ಹೋದಂಗೆ ಕೆಂಪು, ನೇರಳೆ, ನೀಲಿ, ಕಟ್ಟಕಡಿಗೆ ಕಪ್ಪು. ಮಳೆ ಬಂದಾಗ ಬಸ್‌ಸ್ಟ್ಯಾಂಡಿನ ನೀರಿನ ಮ್ಯಾಲೆ ಎಣ್ಣೆ ತೇಲಿ ಕಾಮನಬಿಲ್ಲು ಮೂಡ್ತೈತಲ್ಲ, ಅಂಥದ್ದೇ. ನಾಣ್ಯ ಕೂಡಿಡೋರು ಇದಕ್ಕೆ ಟೋನಿಂಗ್ ಅಂತಾರೆ.

ವರ್ಷಗಟ್ಟಲೆ ಗಂಟಿನಾಗೆ ಇದ್ದ ರೂಪಾಯಿಗೆ ಬಣ್ಣ ಸಾಮಾನ್ಯವಾಗಿ ಅಂಚಿನಿಂದ ಒಳಗೆ ನಿಧಾನ ಬರ್ತೈತೆ. ಒಂದು ಬಣ್ಣ ಇನ್ನೊಂದಕ್ಕೆ ಕರಗಿರ್ತೈತೆ, ಗೆರೆ ಎಳೆದಂಗೆ ಇರಲ್ಲ. ಕೈಯಿಂದ ಕೈಗೆ ಓಡಾಡಿದ ರೂಪಾಯಿ ಆದ್ರೆ ರಾಣಿ ಕೆನ್ನೆ, ಕೂದಲು ಸವೆದು ತಿಳಿಯಾಗಿರ್ತಾವೆ, ಅಕ್ಷರದ ಸಂದಿಯಾಗೆ ಕಪ್ಪು ಕುಂತಿರ್ತೈತೆ. ಹಳೇ ಗೀರಿದ್ರೆ ಗೀರಿನೊಳಗೂ ಅಷ್ಟೇ ಕಪ್ಪು.

ಸುಳ್ಳು ಬಣ್ಣ ಮಾಡೋದು ಹೆಂಗೆ ಗೊತ್ತೇನ್ರಿ? ಜಾತ್ರಿಯಾಗೆ ಆಕ್ಸಿಡೈಸ್ ಸರ ತಗಂತೀವಲ್ಲ, ಕರ್ರಗೆ ಹಳೇದರಂಗೆ ಕಾಣೋವು. ಬೆಳ್ಳಿ ಒಡವೆನ ಹಂಗೆ ಕಪ್ಪು ಮಾಡೋ ಗಂಧಕದ ನೀರಿನಾಗೇ ರೂಪಾಯಿ ಅದ್ದತಾರೆ. ಕೆಲವರು ಬೆಂಕಿಗೆ ಹಿಡೀತಾರೆ. ಇನ್ನು ಕೆಲವರು ಬೇಯಿಸಿದ ಮೊಟ್ಟೆ ಜೋಡಿ ಡಬ್ಬಿಯಾಗೆ ಮುಚ್ಚಿಡ್ತಾರೆ. (ನಮ್ಮಂಥ ಮನೆಯಾಗೆ ಆ ಮೋಸಕ್ಕೆ ದಾರಿನೇ ಇಲ್ಲ, ಮೊಟ್ಟೆ ಹೊಸಲು ದಾಟಲ್ಲ.) ಅಂಥಾ ರೂಪಾಯಿ ಮ್ಯಾಲೆ ಕಡುನೀಲಿ, ನೇರಳೆ ಒಮ್ಮೆಲೇ ಮೂಡಿರ್ತಾವೆ, ನಡುವಿನ ಜೇನುಬಣ್ಣ ಕಾಣಲ್ಲ. ಉಬ್ಬು ತಗ್ಗು ಅನ್ನದಂಗೆ ಮಕಕ್ಕೆ ಬಣ್ಣ ಬಳಿದಂಗೆ ಇರ್ತೈತೆ. ಇನ್ನೊಂದು, ಬಿಸಿಲಿಗೆ ಓರೆಯಾಗಿ ಹಿಡೀರಿ. ಬಣ್ಣದ ಕೆಳಗೆ ಕೂದಲಿನಂಥ ಸಣ್ಣ ಗೀರು ತುಂಬ ಇದ್ರೆ, ಒಮ್ಮೆ ತಿಕ್ಕಿದ ರೂಪಾಯಿಗೆ ಆಮ್ಯಾಲೆ ಬಣ್ಣ ಬಂದೈತೆ ಅಂತ ಅರ್ಥ. ತಾನಾಗೇ ಬಂದಿರಬೋದು, ತರಿಸಿರಬೋದು. ಅಲ್ಲಿ ಪಳಗಿದವರೂ ಒಂದೊಂದು ಸಲ ಒಪ್ಪಂಗಿಲ್ಲ.

ನಮ್ಮ ಓಣಿಯಾಗೆ ಒಬ್ರಿಗೆ ಹಿಂಗೇ ಆತು. ಮಗಳ ಮದುವಿಗೆ ಅತ್ತಿ ಕಾಲದ ಹತ್ತು ರೂಪಾಯಿ ಮಾರಾಕೆ ಹೋದ್ರೆ, ಕೊಳ್ಳಾವ ಕಪ್ಪಾಗ್ಯಾವೆ, ಕಸರು ಹೋಗತೈತೆ ಅಂತ ಬೆಳ್ಳಿ ರೇಟಿಗಿಂತ ಕಡಿಮಿ ಹಿಡಿದ. ಆ ಕಪ್ಪು ಕೂದಲೆಳಿಗಿಂತ ತೆಳ್ಳಗಿನ ಪೊರೆ, ತೂಕಕ್ಕೆ ಏನೂ ಅಲ್ಲ. ತೂಗಿಸಿ ಕೇಳಬೇಕಿತ್ತು ಪಾಪ, ಅವಸರ ಇತ್ತು, ಕೊಟ್ಟು ಬಂದ್ರು.

ಹಡಗಲಿ, ಹರಪನಹಳ್ಳಿ ಕಡೆ ತಾಂಡಾದ ಲಂಬಾಣಿ ಅಜ್ಜಿಯರ ರೂಪಾಯಿ ಸರದ ಕಥೆನೇ ಬ್ಯಾರೆ. ಅದಕ್ಕೆ ಕೊಂಡಿ ಬೆಸೆದಿರ್ತಾರೆ. ಬೆಸೆಯೋ ಶಾಖಕ್ಕೆ ಕೊಂಡಿ ಸುತ್ತ ಬಣ್ಣ ಬ್ಯಾರೆ ಇರ್ತೈತೆ, ಮೈಗೆ ತಾಕೋ ಮಗ್ಗಲು ಬೆವರಿಗೆ ನುಣ್ಣಗಾಗಿರ್ತೈತೆ. ಅದನ್ನ ನೋಡಿ ಸುಳ್ಳು ಅನಬಾರದು. ಕೂಡಿಡೋರು ಕೊಂಡಿ ಗುರುತಿದ್ರೆ ಬೆಲೆ ಇಳಿಸ್ತಾರೆ, ನನಗೇನೋ ಅದೇ ಹೆಚ್ಚಿನ ಬೆಲೆದು ಅನಿಸ್ತೈತೆ.

ಪೂಜೆಗೆ ಎರಡು ರೂಪಾಯಿ ಬ್ಯಾರೆ ಇಟ್ಕಳ್ರಿ, ಅವನ್ನ ಎಷ್ಟು ಬೇಕಾದ್ರೂ ತಿಕ್ಕ್ರಿ. ಉಳಿದವನ್ನ ಒಣಗಿದ ಹತ್ತಿ ಬಟ್ಟಿಯಾಗೆ ಒಂದೊಂದೇ ಸುತ್ತಿಡ್ರಿ. ರಬ್ಬರ್ ಬ್ಯಾಂಡ್ ಹಾಕಬ್ಯಾಡ್ರಿ, ಅದರಾಗೂ ಗಂಧಕ ಐತೆ, ರಾಣಿ ಮಕದ ಮ್ಯಾಲೆ ಅಡ್ಡ ಕರೇ ಗೆರೆ ಬೀಳ್ತೈತೆ.