ಕೊಡಗಿನ ಕೈಲ್‌ಪೊಳ್ದ್ ಮತ್ತು ಕೋವಿ

ಕೊಡಗಿನಲ್ಲಿ ಭತ್ತದ ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಈಗ ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಆಚರಿಸುತ್ತಾರೆ. ಕೆಸರುಗದ್ದೆಯ ದುಡಿಮೆ ನಡೆಯುವಷ್ಟು ದಿನ ಕೋವಿ, ಒಡಿಕತ್ತಿ, ಪೀಚೆಕತ್ತಿಗಳಿಗೆ ಕೆಲಸವಿರುತ್ತಿರಲಿಲ್ಲ. ಕೊಡಗಿನ ಮುಂಗಾರಿನಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಆದ್ದರಿಂದ ಪೂಜೆಗೆ ಮೊದಲು ನಳಿಕೆಯ ಒಳಹೊರಗನ್ನು ಒರೆಸಿ, ಎಣ್ಣೆ ಸವರಿ, ಮರದ ಹಿಡಿಯನ್ನು ತಿಕ್ಕಿ ಹೊಳಪು ತರುತ್ತಾರೆ. ಬಳಿಕ ಗಂಧ ಹಚ್ಚಿ, ಕೆಂಪು ಹಳದಿ ಎಸಳಿನ ತೋಕ್‌ಪೂವನ್ನು ಕೋವಿಯ ಬಾಯಿಗೆ ಸಿಕ್ಕಿಸುತ್ತಾರೆ. ಆ ದಿನದ ಊಟ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ.

ಕೋವಿ ಇಲ್ಲಿ ಬೇಟೆಗಷ್ಟೇ ಮೀಸಲಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು. ಸುಗ್ಗಿಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರಿಸುವುದುಂಟು.

ಈ ಬಳಕೆಗೆ ಕಾನೂನಿನ ಆಸರೆ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ. ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರವೂ ಕೊಡವರಿಗೆ ಹಾಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಇದನ್ನು ಎತ್ತಿಹಿಡಿಯಿತು.

ಹಿಂದೆ ಕೈಲ್‌ಪೊಳ್ದ್ ಆದೊಡನೆ ಗಂಡಸರು ಕಾಡಿಗೆ ಬೇಟೆಗೆ ಹೊರಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ತಡೆ ಹಾಕಿತು. ಗುರಿಗಾರಿಕೆ ಮಾತ್ರ ಉಳಿದುಕೊಂಡಿದೆ, ಅದು ಉಳಿಯಬೇಕಾದದ್ದೇ: ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಈಗ ಹೆಂಗಸರೂ ಕೋವಿ ಹಿಡಿಯುತ್ತಾರೆ.